ನಾರ್ವೆಯ ಎರಡು ದಡ: ದಿವಾಡಿ ದ್ವೀಪದ ಅವಶೇಷಗಳು ಮತ್ತು ಗೋವಾ ಕನ್ನಡಿಗರ ಕದಂಬರು

ಈ ಗೋಷ್ಠಿಯಲ್ಲಿ ಇಲ್ಲಿಯವರೆಗೆ ಕಾಸರಗೋಡು, ಸೊಲ್ಲಾಪುರ, ಅಕ್ಕಲಕೋಟೆಯ ಮಾತು ಬಂತು. ಅಲ್ಲಿ ಊರೇ ಕನ್ನಡದ್ದು, ಗಡಿರೇಖೆ ಆಮೇಲೆ ಬಿತ್ತು. ಗೋವಾದ ಕಥೆ ಹಾಗಲ್ಲ. ಇಲ್ಲಿರುವ ಕನ್ನಡಿಗರಲ್ಲಿ ಹೆಚ್ಚಿನವರು 1961ರ ನಂತರ ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯಿಂದ ದುಡಿಯಲಿಕ್ಕೆ ಬಂದವರು. ಅವರ ಮಕ್ಕಳು ಇಲ್ಲೇ ಹುಟ್ಟಿ ಇಲ್ಲೇ ಓದಿದರೂ "ನೀವು ಘಟ್ಟದ ಮೇಲಿನವರು" ಅನ್ನೋ ಮಾತು ತಪ್ಪಲಿಲ್ಲ. ಅದಕ್ಕೆ ಉತ್ತರವಾಗಿ ನಮ್ಮ ರಾಜ್ಯೋತ್ಸವದ ವೇದಿಕೆಗಳಲ್ಲಿ ಒಂದು ವಾಕ್ಯ ಖಾಯಂ ಆಗಿಬಿಟ್ಟಿದೆ: ಗೋವಾ ಆಳಿದವರು ಕದಂಬರು, ಕದಂಬರು ಕನ್ನಡಿಗರು. ಈ ವಾಕ್ಯ ಎಷ್ಟು ಭಾರ ಹೊರುತ್ತದೆ ಅಂತ ನೋಡಬೇಕಿತ್ತು. ನಾನು ಆರಿಸಿಕೊಂಡ ಜಾಗ ದಿವಾಡಿ.

ದಿವಾಡಿ, ಅಂದರೆ ನಕ್ಷೆಯಲ್ಲಿ ದಿವಾರ್, ಹಳೇ ಗೋವಾದ ಎದುರಿಗೆ ಮಾಂಡವಿ ನದಿಯ ನಡುವೆ ಇರುವ ದ್ವೀಪ. ಮಾಂಡವಿ ಅಂದರೆ ನಮ್ಮ ಖಾನಾಪುರ ತಾಲ್ಲೂಕಿನಲ್ಲಿ ಹುಟ್ಟುವ ಮಹದಾಯಿ. (ಅದರ ನೀರಿನ ಜಗಳ ಇವತ್ತಿನ ವಿಷಯ ಅಲ್ಲ, ಬಿಡ್ರಿ.) ದ್ವೀಪ ಮುಟ್ಟಲಿಕ್ಕೆ ಇವತ್ತಿಗೂ ಫೆರಿ ಹಿಡಿಯಬೇಕು. ಇಳಿದ ಮೇಲೆ ಮ್ಯಾಂಗ್ರೋವ್ ಗಿಡ, ಉಪ್ಪುನೀರಿನ ಪಕ್ಕದ ಗದ್ದೆ, ಆಮೇಲೆ ಗುಡ್ಡ. ಗುಡ್ಡದ ಮೇಲೆ ಪಿಯೆದಾದ್ ಚರ್ಚು. ಪಕ್ಕದ ಸ್ಮಶಾನದಲ್ಲಿ ಒಂದು ಸಣ್ಣ ಪ್ರಾರ್ಥನಾಗೃಹ ಇದೆ, ಅದರ ಕಲ್ಲಿನ ಜಾಲಂಧ್ರವನ್ನು ಕದಂಬರ ಕಾಲದ್ದು ಎಂದು ಹೇಳುತ್ತಾರೆ. ಅಲ್ಲಿದ್ದ ಗಣಪತಿಯನ್ನು ಹೊಳೆಯಾಚೆ ಖಾಂಡೋಳೆಗೆ ಒಯ್ದರು ಅನ್ನುವುದು ಜನರ ನೆನಪು. ಬಹಳ ಪ್ರವಾಸಿಗರು ಇಷ್ಟು ನೋಡಿ, ಚರ್ಚಿನ ಮುಂದೆ ಫೋಟೋ ತೆಗೆಸಿಕೊಂಡು ವಾಪಸ್ ಹೋಗುತ್ತಾರೆ.

ನಮಗೆ ಬೇಕಾದದ್ದು ದ್ವೀಪದ ಇನ್ನೊಂದು ಕಡೆ, ನಾರ್ವೆಯಲ್ಲಿ. ಗೋವಾ ಕದಂಬರ ಕುಲದೇವರು ಸಪ್ತಕೋಟೇಶ್ವರ ಇದ್ದದ್ದು ಇಲ್ಲಿ. ಈಗ ಗುಡಿ ಇಲ್ಲ. ಕೋಟಿತೀರ್ಥ ಎನ್ನುವ ಜಂಬಿಟ್ಟಿಗೆಯ ಮೆಟ್ಟಿಲು ಕೆರೆ ಉಳಿದಿದೆ. ಕೊಂಕಣಿಯಲ್ಲಿ ಅದನ್ನು ಪೋರ್ಣೆ ತೀರ್ಥ, ಹಳೇ ತೀರ್ಥ, ಅಂತಾರೆ. ಗೋಕುಲಾಷ್ಟಮಿಗೆ ಜನ ಈಗಲೂ ಇಲ್ಲಿಗೆ ಪುಣ್ಯಸ್ನಾನಕ್ಕೆ ಬರುತ್ತಾರೆ. ಜೆಸ್ವಿಟ್ ಇತಿಹಾಸಕಾರ ಫ್ರಾನ್ಸಿಸ್ಕೊ ದ ಸೋಜ ಈ ದ್ವೀಪದ ಮೇಲೆ ಹಿಂದೂಗಳಿಗಿದ್ದ ಭಕ್ತಿಯನ್ನು ತಮ್ಮವರಿಗೆ ಪವಿತ್ರ ಭೂಮಿಯ ಮೇಲಿದ್ದ ಭಕ್ತಿಗೆ ಹೋಲಿಸಿದ್ದಾನೆ. ಗುಡಿ ಒಡೆದವರ ಪಂಗಡದವನೇ ಬರೆದದ್ದು, ಹಾಗಾಗಿ ಹೊಗಳಿಕೆ ಅಂತ ತಳ್ಳಿಹಾಕುವ ಹಾಗಿಲ್ಲ.

ಈಗ ಅಕ್ಷರದ ವಿಷಯಕ್ಕೆ ಬರುತ್ತೇನೆ. ನಾರ್ವೆಗೆ ಹೋದ ಕನ್ನಡಿಗ ಮೊದಲು ಹುಡುಕೋದು ಕನ್ನಡ ಶಾಸನ. ಕೆರೆಯ ಮೆಟ್ಟಿಲ ಮೇಲೆ ಅವನಿಗೆ ಓದಲು ಏನೂ ಸಿಗುವುದಿಲ್ಲ, ನಿರಾಶೆಯಾಗುತ್ತದೆ. ಈ ದೇವರ ಹೆಸರು ಓದಬೇಕೆಂದರೆ ಘಟ್ಟ ಹತ್ತಬೇಕು. ಗೋವಾ ಕದಂಬರ ಬಿರುದಾವಳಿಯಲ್ಲಿ ಎರಡು ಬಿರುದು ಮತ್ತೆ ಮತ್ತೆ ಬರುತ್ತವೆ: ಬನವಾಸಿಪುರವರಾಧೀಶ್ವರ, ಮತ್ತು ಸಪ್ತಕೋಟೀಶ್ವರನ ವರಪ್ರಸಾದ ಪಡೆದವನು. ಒಂದು ಊರು ಘಟ್ಟದ ಮೇಲೆ, ಒಬ್ಬ ದೇವರು ಹೊಳೆಯ ದ್ವೀಪದಲ್ಲಿ. ಧಾರವಾಡದ ಹತ್ತಿರ ನರೇಂದ್ರದಲ್ಲಿ 1125ರ ಶಾಸನ ಇದೆ, ಎರಡನೇ ಜಯಕೇಶಿಯ ಕಾಲದ್ದು. ಸಮುದ್ರದಿಂದ ಅಷ್ಟು ದೂರದ ಎರೆಭೂಮಿಯಲ್ಲಿ ನಿಂತು ಅದು ಈ ಮನೆತನದ ಹಡಗುಗಳ ಸಾಲನ್ನು ಲಂಕೆಯವರೆಗಿನ ಸೇತುವೆ ಎಂದು ವರ್ಣಿಸುತ್ತದೆ. ಈ ಜಯಕೇಶಿಯ ರಾಣಿ ಮೈಲಲದೇವಿ ಕಲ್ಯಾಣದ ಆರನೇ ವಿಕ್ರಮಾದಿತ್ಯನ ಮಗಳು. ಅವರ ಮಗ ಶಿವಚಿತ್ತ ಪೆರ್ಮಾಡಿದೇವ. ಪೆರ್ಮಾಡಿಯ ರಾಣಿ ಕಮಲಾದೇವಿ ಕಿತ್ತೂರಿನ ಬಳಿ ದೇಗಾವೆಯಲ್ಲಿ ಕಮಲನಾರಾಯಣ ಗುಡಿ ಕಟ್ಟಿಸಿದಳು. ಅಲ್ಲಿ ಕನ್ನಡ ಲಿಪಿಯ ಶಾಸನವೂ ಇದೆ, ನಾಗರಿ ಲಿಪಿಯದೂ ಇದೆ. ಸಿಂಹದ ಗುರುತಿನ ಅವರ ಚಿನ್ನದ ನಾಣ್ಯದಲ್ಲಿ ಸಪ್ತಕೋಟೀಶ್ವರನ ಹೆಸರು ನಾಗರಿಯಲ್ಲಿದೆ.

ಅಂದರೆ ಕನ್ನಡ ಅವರ ಆಸ್ಥಾನದ ಭಾಷೆ ಹೌದು, ಆದರೆ ಅದೊಂದೇ ಅಲ್ಲ. ಬಂದರಿಗೆ ಬರುವ ವ್ಯಾಪಾರಿಯ ಕೈಗೆ ಹೋಗುವ ನಾಣ್ಯಕ್ಕೆ ಒಂದು ಲಿಪಿ, ಹಲಸಿಗೆ ನಾಡಿನ ಗೌಡರು ಓದುವ ಕಲ್ಲಿಗೆ ಇನ್ನೊಂದು ಲಿಪಿ ಇಟ್ಟುಕೊಂಡ ರಾಜ್ಯ ಅದು ಅಂತ ನನ್ನ ಊಹೆ. ವೇದಿಕೆಯ ಮೇಲಿನ ವಾಕ್ಯ ಸುಳ್ಳಲ್ಲ, ಅರ್ಧಕ್ಕೇ ನಿಂತಿದೆ.

ಗುಡಿಯ ಮುಂದಿನ ಕಥೆ ಇನ್ನೂ ತೊಡಕಿನದು. 14ನೇ ಶತಮಾನದ ನಡುವಿನಲ್ಲಿ ಬಹಮನಿ ಸೈನ್ಯ ಅದನ್ನು ಒಡೆಯಿತು. ಆಗ ಬಹಮನಿ ರಾಜಧಾನಿ ಕಲಬುರಗಿ. ಲಿಂಗವನ್ನು ಮತ್ತೆ ಸ್ಥಾಪಿಸಿದವನು ವಿಜಯನಗರದ ಮಾಧವಮಂತ್ರಿ. 1391ರ ತಾಮ್ರಶಾಸನದಲ್ಲಿ ಅದರ ಉಲ್ಲೇಖ ಇದೆ. (ಇವನನ್ನು ವಿದ್ಯಾರಣ್ಯರ ಜೊತೆ ಬೆರೆಸಿ ಹೇಳುವವರು ಇದ್ದಾರೆ. ಇಬ್ಬರೂ ಬೇರೆ. ಇವನು ಬನವಾಸಿ ಪ್ರಾಂತ ನೋಡಿಕೊಂಡಿದ್ದ ಅಧಿಕಾರಿ, ಕ್ರಿಯಾಶಕ್ತಿ ಗುರುವಿನ ಶಿಷ್ಯ.) ಒಡೆದವರು ಬಂದದ್ದೂ ಇಂದಿನ ಕರ್ನಾಟಕದ ಕಡೆಯಿಂದ, ಕಟ್ಟಿದವನು ಬಂದದ್ದೂ ಅಲ್ಲಿಂದಲೇ. ಎರಡನೆಯದನ್ನು ಮಾತ್ರ ನಮ್ಮ ಲೆಕ್ಕಕ್ಕೆ ಬರೆದುಕೊಂಡರೆ ಹೇಗೆ?

1510ರಲ್ಲಿ ಆಲ್ಬುಕರ್ಕ್ ಗೋವಾವನ್ನು ಬಿಜಾಪುರದ ಆದಿಲಶಾಹಿಯಿಂದ ಕಿತ್ತುಕೊಂಡ. ಮೂವತ್ತು ವರ್ಷ ಕಳೆದ ಮೇಲೆ ದ್ವೀಪಗಳ ಗುಡಿಗಳನ್ನು ಕೆಡವುವ ಕೆಲಸ ಶುರುವಾಯಿತು. ನಾರ್ವೆಯ ಗುಡಿಯ ಜಾಗದಲ್ಲಿ ಕ್ರೈಸ್ತ ಪ್ರಾರ್ಥನಾಗೃಹ ಎದ್ದಿತು. ಲಿಂಗವನ್ನು ಬಾವಿಯಲ್ಲಿ ನೀರು ಸೇದುವ ಕಡೆ ಬಳಸುತ್ತಿದ್ದರಂತೆ, ಭಕ್ತರು ಅದನ್ನು ರಾತ್ರೋರಾತ್ರಿ ಹೊಳೆ ದಾಟಿಸಿದರಂತೆ. ಇದು ಜನ ಹೇಳುವ ಕಥೆ. ಆದರೆ ದಾಟಿದ್ದು ಎಲ್ಲಿಗೆ ಅಂತ ನೋಡ್ರಿ. ಆಚೆ ದಡ ಡಿಚೋಲಿ, ಅದು ಆಗ ಬಿಜಾಪುರದ ಸುಲ್ತಾನನ ಸೀಮೆ. ಪೋರ್ಚುಗೀಸರ ಕೈ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಆಚೆ ದಡದಲ್ಲಿ ದೇವರು ನೆಲೆ ನಿಂತ ಊರಿಗೂ ನಾರ್ವೆ ಅಂತಲೇ ಹೆಸರು. 1668ರಲ್ಲಿ ಶಿವಾಜಿ ಅಲ್ಲಿ ಗುಡಿಯ ಜೀರ್ಣೋದ್ಧಾರ ಮಾಡಿಸಿದ, ಶಕ 1590 ಎಂದು ಬಾಗಿಲ ಮೇಲಿನ ಕಲ್ಲು ಹೇಳುತ್ತದೆ. 2023ರಲ್ಲಿ ಗೋವಾ ಸರ್ಕಾರ ಅದನ್ನು ಮತ್ತೆ ದುರಸ್ತಿ ಮಾಡಿಸಿತು.

ಹೊಸ ಗುಡಿಗೆ ಹೋದವರಿಗೆ ಶಿವಾಜಿಯ ಹೆಸರು ಸಿಗುತ್ತದೆ, ಅದು ಸರಿಯೇ. ಮಾಧವಮಂತ್ರಿಯ ಹೆಸರು, ಪೆರ್ಮಾಡಿಯ ಹೆಸರು ಕೇಳಿದವರು ಕಡಿಮೆ. ಗೋವಾದವರಿಗೆ ಕದಂಬ ಅಂದರೆ ಬಸ್ಸು. ಸಾರಿಗೆ ನಿಗಮದ ಹೆಸರೇ ಅದು.

ಒಂದು ಪ್ರಶ್ನೆ ಬಂದಿದೆ, ವಾಸ್ಕೋದಿಂದ ಭಾಗವಹಿಸುತ್ತಿರುವ ಶಿಕ್ಷಕಿಯೊಬ್ಬರದು: "ಹಂಗಾದ್ರ ಸರ್, ಮಕ್ಕಳಿಗೆ ನಾವು ಏನಂತ ಹೇಳಬೇಕು? ಗೋವಾ ನಮ್ಮದು ಅನ್ನಬೇಕೋ ಬ್ಯಾಡೋ?"

ಮೇಡಂ, ರಾಜರ ಆಸ್ತಿಗೆ ನಾವ್ಯಾರೂ ವಾರಸುದಾರರಲ್ಲ. ನಿಮ್ಮ ಶಾಲೆಯ ಮಕ್ಕಳ ಹಕ್ಕು ಅವರ ಅಪ್ಪ ಅಮ್ಮ ಇಲ್ಲಿ ಕಟ್ಟಿದ ರಸ್ತೆ, ಮನೆ, ಬಂದರಿನ ಕೆಲಸದಿಂದ ಬಂದದ್ದು. ಅದಕ್ಕೆ 12ನೇ ಶತಮಾನದ ಸಾಕ್ಷಿ ಬೇಕಾಗಿಲ್ಲ. ಆದರೆ ಯಾರಾದರೂ "ಘಟ್ಟದ ಮೇಲಿನವರಿಗೂ ಈ ನೆಲಕ್ಕೂ ಏನು ಸಂಬಂಧ" ಎಂದರೆ, ಮಕ್ಕಳು ಜಗಳ ಮಾಡದೆ ಹೇಳಬಹುದಾದ ಉತ್ತರ ದಿವಾಡಿಯಲ್ಲಿದೆ. ನಾರ್ವೆಯ ಕೆರೆಗೆ ಒಂದು ದಿನ ಕರೆದುಕೊಂಡು ಹೋಗಿ. ಅಲ್ಲಿಂದ ಫೆರಿ ಹತ್ತಿಸಿ ಆಚೆ ದಡದ ಗುಡಿ ತೋರಿಸಿ. ಊರಿಗೆ ಹೋಗುವ ರಜೆಯಲ್ಲಿ ಕಿತ್ತೂರಿನ ಬಳಿ ಬಸ್ ಇಳಿದು ದೇಗಾವೆಗೂ ಹೋಗಿಬನ್ನಿ. ಜೊತೆಗೆ ಒಬ್ಬ ಕೊಂಕಣಿ ಮೇಷ್ಟ್ರು ಇದ್ದರೆ ಒಳ್ಳೆಯದು, ತೀರ್ಥದ ಕಥೆಗಳು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.