ಮೊದಲು ತೆಗೆದ ಬೀಗ: ಹುಮನಾಬಾದಿನ ಟ್ರಂಕು, ಕಲ್ಯಾಣದ ಕನ್ನ

ಈ ವಾರದ ಮಾತು ಬೀಗದ ಬಗ್ಗೆ. ಸರಿಯಾಗಿ ಹೇಳಬೇಕು ಅಂದ್ರೆ, ಚಾವಿ ಇಲ್ಲದೆ ಬೀಗ ತೆಗೆಯೋ ಹವ್ಯಾಸದ ಬಗ್ಗೆ. ಹೌದು, ಇದೂ ಒಂದು ಹವ್ಯಾಸವೇ. ಜರ್ಮನಿಯಲ್ಲಿ 1997ರಲ್ಲೇ ಇದಕ್ಕೊಂದು ಸಂಘ ಹುಟ್ಟಿತ್ತು. ಗಡಿಯಾರ ಹಿಡಿದು ಸ್ಪರ್ಧೆ ನಡೆಸ್ತಾರೆ. ಇಂಥ ಹವ್ಯಾಸಿಗಳು ಯಾರೇ ಸಿಕ್ಕರೂ ನಾನು ಕೇಳೋದು ಒಂದೇ ಪ್ರಶ್ನೆ: ನೀವು ಮೊದಲು ತೆಗೆದ ಬೀಗ ಯಾವುದು? ಅದನ್ನು ಮಾತ್ರ ಯಾರೂ ಮರೆತಿರಲ್ಲ.

ನನ್ನದು ಹುಮನಾಬಾದಿನಲ್ಲಿ, ಅಜ್ಜಿಯ ಟ್ರಂಕಿನ ಬೀಗ. ಬೇಸಿಗೆ ರಜೆ, ಮಧ್ಯಾಹ್ನ, ಮನೆಯವರೆಲ್ಲ ಮಲಗಿದ್ದರು. ಕೂದಲ ಪಿನ್ನು ಬಗ್ಗಿಸಿ ಒಳಗೆ ಹಾಕಿ ತಿರುವಿದೆ. ಟಕ್ ಅಂತು. ಇಷ್ಟೇನಾ ಅನ್ನಿಸ್ತು. ಅದರಲ್ಲಿ ನನ್ನ ಜಾಣತನ ಏನೂ ಇರಲಿಲ್ಲ ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಅಂಥ ಅಗ್ಗದ ಬೀಗದೊಳಗೆ ಒಂದು ಸ್ಪ್ರಿಂಗು, ಬೇರೆ ಆಕಾರದ ಚಾವಿ ತಿರುಗದ ಹಾಗೆ ಒಂದೆರಡು ತಗಡಿನ ಅಡ್ಡಗೋಡೆ, ಅಷ್ಟೇ ಇರ್ತದೆ. ದಪ್ಪ ಚಾವಿಗೆ ಆ ಗೋಡೆ ಅಡ್ಡ. ತೆಳ್ಳನೆ ತಂತಿ ಅದರ ಪಕ್ಕದಲ್ಲೇ ನುಸುಳಿ ಹೋಗ್ತದೆ.

ಟ್ರಂಕಿನಲ್ಲಿ ಅರ್ಧ ಹೊಲಿದ ಕೌದಿ ಇತ್ತು, ಒಂದಿಷ್ಟು ಚಿಲ್ಲರೆ ಇತ್ತು. ಮುಟ್ಟಲಿಲ್ಲ. ಆದರೆ ವಾಪಸ್ ಬೀಗ ಹಾಕೋ ಹೊತ್ತಿಗೆ ಅಜ್ಜಿ ಎದ್ದುಬಿಟ್ಟಿದ್ದಳು. ಬೈಯಲಿಲ್ಲ. “ಕೇಳಿದ್ರ ಚಾವಿ ಕೊಡ್ತಿದ್ದಿಲ್ಲೇನು?” ಅಂದಳು, ಅಷ್ಟೇ. ಆಮೇಲೆ ಆ ಟ್ರಂಕಿಗೆ ಅವಳು ಬೀಗ ಹಾಕಲೇ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಈ ಕಥೆಯನ್ನು ಇತಿಹಾಸದ ಮಾತಿಗೆ ಯಾಕೆ ತಂದೆ ಅಂದ್ರೆ, ಹುಮನಾಬಾದಿನ ಪಕ್ಕದಲ್ಲೇ ಬಸವಕಲ್ಯಾಣ ಇದೆ. ಆ ಊರಿನ ನೆನಪಿಗೆ ಹೊಂದಿಕೊಂಡ ಹಾಗೆ ಒಬ್ಬ ಕಳ್ಳನೂ ಇದ್ದಾನೆ. ಹೆಸರು ಕನ್ನದ ಮಾರಿತಂದೆ. 12ನೇ ಶತಮಾನದ ವಚನಕಾರ. ಶರಣ ಪರಂಪರೆ ಅವನನ್ನು ಬಸವಣ್ಣನವರ ಕಾಲದ ಶರಣರ ಜೊತೆಗೇ ಲೆಕ್ಕ ಹಾಕ್ತದೆ. ಅವನ ವಚನಗಳು ಬೆರಳೆಣಿಕೆಯಷ್ಟು ಮಾತ್ರ ಸಿಕ್ಕಿವೆ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ ಅಂತ ಶರಣರ ಹೆಸರಿನ ಮುಂದೆ ಅವರವರ ಕಾಯಕ ಬರ್ತದಲ್ಲ, ಇವನ ಹೆಸರಿನ ಮುಂದೆ ಬರೋದು ಕನ್ನ.

ಕನ್ನ ಅಂದ್ರೆ ಈಗಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ. ಮನೆಯ ಗೋಡೆಗೆ ತೂತು ಕೊರೆದು ಒಳಗೆ ನುಗ್ಗೋದು. ನಮ್ಮ ಕಡೆಯ ಹಳೇ ಮನೆ ನೋಡಿದವರಿಗೆ ಇದು ಸುಲಭವಾಗಿ ಅರ್ಥ ಆಗ್ತದೆ. ಬಾಗಿಲು ದಪ್ಪ ಮರದ್ದು, ಹಿಂದೆ ಅಡ್ಡಲಾಗಿ ಅಗುಳಿ. ಹೊರಗಿನಿಂದ ಕೈಯಾಡಿಸೋಕೆ ಅಲ್ಲಿ ಏನೂ ಸಿಗೋದಿಲ್ಲ. ಗೋಡೆ ಮಾತ್ರ ಮಣ್ಣಿನದು. ಹಾಗಾಗಿ ಕಳ್ಳನ ಕಲೆ ಇದ್ದದ್ದು ಬಾಗಿಲಲ್ಲಿ ಅಲ್ಲ, ಗೋಡೆಯಲ್ಲಿ. ಶೂದ್ರಕನ ‘ಮೃಚ್ಛಕಟಿಕ’ ನಾಟಕದಲ್ಲಿ ಶರ್ವಿಲಕ ಅಂತ ಒಬ್ಬ ಬರ್ತಾನೆ. ಚಾರುದತ್ತನ ಮನೆಗೆ ಕನ್ನ ಹಾಕೋ ಮುಂಚೆ ತೂತಿನ ಆಕಾರ ಯಾವುದು ಚೆಂದ ಅಂತ ನಿಂತು ಯೋಚನೆ ಮಾಡ್ತಾನೆ. ಹವ್ಯಾಸಿಯ ಬುದ್ಧಿ ಅಂದ್ರೆ ಅದೇ. 1860ರ ಭಾರತೀಯ ದಂಡ ಸಂಹಿತೆ ತೆಗೆದು ನೋಡಿ. ಮನೆ ಒಡೆಯೋದು ಅಂದ್ರೇನು ಅಂತ ಹೇಳೋ 445ನೇ ಸೆಕ್ಷನ್‌ನಲ್ಲಿ ಕೊಟ್ಟ ಮೊದಲ ಉದಾಹರಣೆಯೇ ಗೋಡೆಗೆ ತೂತು ಕೊರೆಯೋದು. ಬೀಗ ತೆಗೆಯೋದೂ ಆ ಸೆಕ್ಷನ್‌ನಲ್ಲಿದೆ, ಆದರೆ ಕನ್ನಕ್ಕೇ ಮೊದಲ ಸ್ಥಾನ.

ಮಾರಿತಂದೆಗೆ ವಾಪಸ್ ಬರೋಣ. ಅವನ ಒಂದು ವಚನದ ಅರ್ಥ ಹೆಚ್ಚುಕಡಿಮೆ ಹೀಗಿದೆ: ಮೈಮರೆತು ಮಲಗಿದವರ ಮನೆಗೆ ನುಗ್ಗಿದರೆ ನನ್ನ ಕಳ್ಳತನಕ್ಕೇ ಅವಮಾನ, ಅವರನ್ನು ಎಬ್ಬಿಸಿ, ಅವರ ಒಡವೆ ಅವರಿಗೆ ತೋರಿಸಬೇಕು. ಇದಕ್ಕೆ ಆಧ್ಯಾತ್ಮದ ಅರ್ಥ ಹೇಳೋರು ಬಹಳ ಮಂದಿ ಇದ್ದಾರೆ, ಅದು ಸರಿಯೇ. ನನಗೆ ಮಾತ್ರ ಅದರಲ್ಲಿ ಕಸುಬಿನ ಮಾತೂ ಕೇಳಿಸ್ತದೆ. ಮಲಗಿದವರಿಂದ ಕದಿಯೋದು ದೊಡ್ಡ ಕೆಲಸ ಏನಲ್ಲ. ನಿನ್ನ ಗೋಡೆ ಗಟ್ಟಿಯಿಲ್ಲ ನೋಡು ಅಂತ ಎಬ್ಬಿಸಿ ಹೇಳೋದೇ ಕಷ್ಟ. ಬಸವಣ್ಣನವರು ಬಿಜ್ಜಳನ ಭಂಡಾರಿ, ರಾಜ್ಯದ ಖಜಾನೆ ಅವರ ಕೈಯಲ್ಲಿ. ಭಂಡಾರಿಯನ್ನೂ ಕನ್ನ ಹಾಕೋನನ್ನೂ ಒಂದೇ ಬಳಗದವರು ಅಂತ ನೆನಪಿಟ್ಟುಕೊಂಡ ಪರಂಪರೆ ಇದು. ಬೇರೆ ಎಲ್ಲಿ ಸಿಗ್ತದೆ ಹೇಳಿ?

ಈ ಎಬ್ಬಿಸಿ ತೋರಿಸೋ ಕೆಲಸವನ್ನು ಏಳು ಶತಮಾನದ ಮೇಲೆ ಲಂಡನ್ನಿನಲ್ಲಿ ಒಬ್ಬ ಅಮೆರಿಕನ್ ಮಾಡಿದ. ಆಲ್ಫ್ರೆಡ್ ಚಾರ್ಲ್ಸ್ ಹಾಬ್ಸ್. 1851ರ ಮಹಾ ಪ್ರದರ್ಶನಕ್ಕೆ ಬಂದಿದ್ದ. ಆಗ ಇಂಗ್ಲೆಂಡಿನಲ್ಲಿ ಚಬ್ ಕಂಪನಿಯ ಡಿಟೆಕ್ಟರ್ ಬೀಗಕ್ಕೆ ಬಹಳ ಹೆಸರು. ಯಾರಾದರೂ ತಪ್ಪಾಗಿ ಕೈಯಾಡಿಸಿದರೆ ಅದು ಒಳಗೇ ಸಿಕ್ಕಿಕೊಂಡು ಮಾಲೀಕನಿಗೆ ಸುಳಿವು ಕೊಡ್ತಿತ್ತು. ಹಾಬ್ಸ್ ಸಾಕ್ಷಿಗಳ ಎದುರಿಗೆ 25 ನಿಮಿಷದಲ್ಲಿ ಅದನ್ನು ತೆಗೆದ. 7 ನಿಮಿಷದಲ್ಲಿ ಮತ್ತೆ ಹಾಕಿಯೂ ತೋರಿಸಿದ. ಆಮೇಲೆ ಬ್ರಾಮಾ ಬೀಗ. ಅದನ್ನು ಪಿಕಡಿಲಿಯ ಅಂಗಡಿ ಕಿಟಕಿಯಲ್ಲಿ ದಶಕಗಳಿಂದ ಇಟ್ಟು, ತೆಗೆದವರಿಗೆ 200 ಗಿನಿ ಬಹುಮಾನ ಅಂತ ಬರೆದಿದ್ದರು. ಅದು ಹಾಬ್ಸ್‌ನಿಂದ 51 ಗಂಟೆ ದುಡಿಸಿಕೊಳ್ತು, 16 ದಿನಗಳಲ್ಲಿ ಹಂಚಿ. ತಕರಾರು ಎದ್ದಿತು, ಕೊನೆಗೆ ಹಣ ಕೊಟ್ಟರು. ಇಂಥ ವಿಷಯ ಬಹಿರಂಗವಾಗಿ ಚರ್ಚಿಸಿದರೆ ಕಳ್ಳರಿಗೆ ಪಾಠ ಹೇಳಿದ ಹಾಗಲ್ವಾ ಅಂತ ಜನ ಕೇಳಿದರು. ಕಳ್ಳರಿಗೆ ಅವರ ಕಸುಬು ನಮಗಿಂತ ಚೆನ್ನಾಗಿ ಗೊತ್ತು ಅನ್ನೋದು ಹಾಬ್ಸ್ ವಾದ. ನಾನು ಅವನ ಪಕ್ಷ.

ಎಬ್ಬಿಸಿದವನ ಮೇಲೇ ಸಿಟ್ಟಾಗೋದು ಮಾತ್ರ ನಿಂತಿಲ್ಲ. ಅಣುಬಾಂಬ್ ಯೋಜನೆಯಲ್ಲಿದ್ದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್‌ಗೂ ಇದೇ ಹುಚ್ಚು. ಮೊದಲು ಸಾದಾ ಬೀಗ, ಆಮೇಲೆ ನಂಬರಿನ ತಿಜೋರಿ. ತಿಜೋರಿಯ ಡ್ರಾಯರ್ ತೆರೆದಿದ್ದಾಗ ಕೊನೆಯ ಎರಡು ನಂಬರು ಪತ್ತೆ ಮಾಡಬಹುದು, ಹಾಗೆ ತೆರೆದಿಡಬೇಡಿ ಅಂತ ಒಬ್ಬ ಕರ್ನಲ್‌ಗೆ ಹೇಳಿದ. ಕರ್ನಲ್ ಏನು ಮಾಡಿದ ಗೊತ್ತಾ? ಫೈನ್‌ಮನ್ ಯಾರ ಕೋಣೆಗೆ ಬಂದಿದ್ದನೋ ಅವರೆಲ್ಲ ನಂಬರು ಬದಲಿಸಿ ಅಂತ ಆದೇಶ ಕಳಿಸಿದ! ಡ್ರಾಯರ್‌ಗಳು ತೆರೆದೇ ಉಳಿದವು, ಜನ ಫೈನ್‌ಮನ್‌ನನ್ನೇ ದೂರ ಇಡೋಕೆ ಶುರು ಮಾಡಿದರು.

ಹವ್ಯಾಸಿಗಳ ನಿಯಮ ಎರಡೇ. ನಿನ್ನದಲ್ಲದ ಬೀಗ ಮುಟ್ಟಬೇಕಾದರೆ ಮಾಲೀಕನನ್ನು ಕೇಳು. ದಿನಾ ಬಳಕೆಯಲ್ಲಿರೋ ಬೀಗದ ಮೇಲೆ ಅಭ್ಯಾಸ ಮಾಡಬೇಡ. ಎರಡನೆಯದಕ್ಕೆ ಕಾರಣ ನೀತಿ ಅಲ್ಲ. ಒಳಗಿನ ಪಿನ್ನು ಸವೆದು ಕೈಕೊಟ್ಟರೆ ಮನೆಯವರು ರಾತ್ರಿ ಹೊರಗೇ ನಿಲ್ಲಬೇಕಾಗ್ತದೆ. ಮೊದಲನೆಯದನ್ನು ನಾನು ಎಂಟನೇ ವಯಸ್ಸಿನಲ್ಲೇ ಮುರಿದಿದ್ದೆ, ಅದೂ ಮಲಗಿದವರ ಮನೆಯಲ್ಲಿ. ಮಾರಿತಂದೆಯ ಲೆಕ್ಕದಲ್ಲಿ ಅದು ಅವಮಾನದ ಕಳ್ಳತನ.

ಈಗ ನಾನು ಗುಜರಿಯವರ ಹತ್ರ ಚಾವಿ ಕಳೆದ ಹಳೇ ಬೀಗ ತರ್ತೀನಿ. ಬಹಳಷ್ಟು ಪಿನ್ ಟಂಬ್ಲರ್ ಜಾತಿಯವು, 1860ರ ದಶಕದಲ್ಲಿ ಲೈನಸ್ ಯೇಲ್ ಜೂನಿಯರ್ ರೂಪ ಕೊಟ್ಟಂಥವು. ಸಾಲಾಗಿ ನಿಂತ ಪಿನ್ನುಗಳು ಒಂದೇ ಗೆರೆಗೆ ಬಂದರೆ ಮಾತ್ರ ಒಳಗಿನ ಉರುಳೆ ತಿರುಗ್ತದೆ. ಕಾರ್ಖಾನೆಯಲ್ಲಿ ತೂತುಗಳನ್ನು ಎಷ್ಟೇ ನೇರ ಕೊರೆದರೂ ಕೂದಲೆಳೆಯಷ್ಟು ಹೆಚ್ಚುಕಡಿಮೆ ಉಳಿದೇ ಉಳೀತದೆ. ಹಾಗಾಗಿ ಉರುಳೆಯನ್ನು ಮೆಲ್ಲಗೆ ತಿರುವಿ ಹಿಡಿದರೆ ಎಲ್ಲಾ ಪಿನ್ನು ಒಟ್ಟಿಗೆ ಬಿಗಿಯಾಗಲ್ಲ, ಒಂದೊಂದಾಗಿ ಬಿಗಿಯಾಗ್ತವೆ. ಬಿಗಿಯಾದದ್ದನ್ನು ಹುಡುಕಿ ಎತ್ತಬೇಕು, ಆಮೇಲೆ ಮುಂದಿನದು. ಕಣ್ಣಿಗೆ ಏನೂ ಕಾಣಲ್ಲ, ಎಲ್ಲಾ ಬೆರಳಿಗೇ ಗೊತ್ತಾಗಬೇಕು.

ಸದ್ಯ ಮೇಜಿನ ಮೇಲಿರೋ ಬೀಗದಲ್ಲಿ ಐದು ಪಿನ್ನು. ಮೂರು ಕೂತಿವೆ. ನಾಲ್ಕನೆಯದು ಹತ್ತು ದಿನದಿಂದ ಮೊಂಡು ಹಿಡಿದಿದೆ. ಆದರೆ ಮುಂದಿನ ವಾರ ಹೇಳ್ತೀನಿ.