ವಿಡಿಯೊ ಕಾಲ್‌ನಲ್ಲಿ ವ್ಯಾಪಾರ: ಅಂಗಡಿಯವರು ಗಮನಿಸಬೇಕಾದ ಸಂಗತಿಗಳು

ಮೊದಲೆಲ್ಲ ಗಿರಾಕಿಗಳು ಅಂಗಡಿಗೆ ಬಂದು, ಮುಟ್ಟಿ ನೋಡಿ ಸೀರೆ ಕೊಳ್ಳುತ್ತಿದ್ದರು. ಈಗ ಬೆಂಗಳೂರು, ಪುಣೆ, ದುಬೈನಲ್ಲಿ ಇರುವವರು ವಿಡಿಯೊ ಕಾಲ್‌ನಲ್ಲೇ 'ಆ ಇಳಕಲ್ ಸೀರೆ ಬಿಚ್ಚಿ ತೋರಿಸ್ರಿ' ಅಂತಾರೆ. ಕಾಲ್ ಸರಿಯಾಗಿ ಮಾಡದಿದ್ದರೆ ಸರಕು ವಾಪಸ್ ಬರುತ್ತದೆ. ಎಚ್ಚರ ತಪ್ಪಿದರೆ ಹಣವೂ ಹೋಗುತ್ತದೆ.

ಕಾಲ್‌ಗೆ ಮೊದಲು

* ಏಕಾಏಕಿ ವಿಡಿಯೊ ಕಾಲ್ ಮಾಡಬೇಡಿ. 'ಈಗ ಮಾಡಲಾ?' ಎಂದು ಒಂದು ಮೆಸೇಜ್ ಹಾಕಿ.
* ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ನಮ್ಮಲ್ಲಿ ಸಂಜೆ 6.30 ಆದಾಗ ನ್ಯೂಯಾರ್ಕ್‌ನಲ್ಲಿ ಬೇಸಿಗೆಯಾದರೆ ಬೆಳಿಗ್ಗೆ 9, ಚಳಿಗಾಲವಾದರೆ 8 ಗಂಟೆ.
* ಕಂಪನಿಯವರ ಜೊತೆ ಜೂಮ್ ಮೀಟಿಂಗ್ ಇದ್ದರೆ, ಉಚಿತ ಖಾತೆಯಲ್ಲಿ 40 ನಿಮಿಷಕ್ಕೆ ಕಾಲ್ ಕಟ್ ಆಗುತ್ತದೆ. ದರದ ಮಾತು ಮೊದಲೇ ಮುಗಿಸಿ.

ಸರಕು ತೋರಿಸುವಾಗ

ಬಾಗಿಲಿಗೆ ಬೆನ್ನು ಹಾಕಿ ನಿಂತರೆ ನಿಮ್ಮ ಮುಖ ಕಪ್ಪಾಗಿ ಕಾಣುತ್ತದೆ. ಬಾಗಿಲ ಕಡೆ ಮುಖ ಮಾಡಿ ನಿಲ್ಲಿ. ಎಲ್‌ಇಡಿ ಬೆಳಕಿನಲ್ಲಿ ಬಣ್ಣ ಬೇರೆಯಾಗಿ ಕಾಣಬಹುದು, ಫೋನ್ ಕ್ಯಾಮೆರಾ ಕೂಡ ತಾನಾಗಿಯೇ ಬಣ್ಣ ಬದಲಿಸುತ್ತದೆ. 'ಅಲ್ಲಿ ತೋರಿಸಿದ್ದೇ ಬೇರೆ, ಬಂದದ್ದೇ ಬೇರೆ' ಎಂಬ ಜಗಳ ಹುಟ್ಟುವುದು ಇಲ್ಲೇ. ಸೀರೆಯನ್ನು ಹಗಲು ಬೆಳಕಿಗೆ ತಂದು, ಪಕ್ಕದಲ್ಲಿ ಒಂದು ಬಿಳಿ ಹಾಳೆ ಇಟ್ಟು ತೋರಿಸಿ.

ಇಳಕಲ್ ಸೀರೆಯಾದರೆ ದಡಿ, ಸೆರಗಿನ ಟೋಪಿ ತೆನಿ, ಒಡಲಿಗೆ ಸೆರಗು ಕೂಡಿಸಿದ ಕೊಂಡಿ ಮೂರನ್ನೂ ನಿಧಾನವಾಗಿ, ಹತ್ತಿರದಿಂದ ತೋರಿಸಿ. ನೂಲು ಹತ್ತಿಯೋ, ರೇಷ್ಮೆಯೋ, ಆರ್ಟ್ ಸಿಲ್ಕೋ ಬಾಯಿಬಿಟ್ಟು ಹೇಳಿ. ಫೋನ್‌ನಲ್ಲಿ ಗಿರಾಕಿಗೆ ಮುಟ್ಟಿ ನೋಡಲು ಆಗಲ್ಲ, ನಿಮ್ಮ ಮಾತೇ ಅವರಿಗೆ ಆಧಾರ.

ಅಂಗಡಿಯಲ್ಲಿ ಇದ್ದವರ ಮರ್ಯಾದೆ

* ಎದುರಿಗೆ ನಿಂತ ಗಿರಾಕಿಗೆ 'ಐದು ನಿಮಿಷ, ಕಾಲ್ ಐತಿ' ಎಂದು ಹೇಳಿಯೇ ಫೋನ್ ಎತ್ತಿ.
* ಬೇರೆ ಗಿರಾಕಿಗಳ, ಅದರಲ್ಲೂ ಹೆಣ್ಣುಮಕ್ಕಳ ಕಡೆ ಕ್ಯಾಮೆರಾ ತಿರುಗಿಸಬೇಡಿ.
* ಉದ್ರಿ ಪುಸ್ತಕ ಹಿಂದೆ ಕಾಣದಂತೆ ನೋಡಿಕೊಳ್ಳಿ. ಇಯರ್‌ಫೋನ್ ಹಾಕಿಕೊಂಡರೆ ದರ ಊರಿಗೆಲ್ಲ ಕೇಳಿಸಲ್ಲ.

ಹಣದ ವಿಷಯ

* ಹಣ ಪಡೆಯಲು ಯುಪಿಐ ಪಿನ್ ಬೇಕಾಗಿಲ್ಲ. ಪಿನ್ ಹಾಕಿ ಅಂದರೆ ಕಾಲ್ ಕಟ್ ಮಾಡಿ.
* ಸ್ಕ್ರೀನ್ ಶೇರ್ ಮಾಡಿ ಎಂದು ಅಪರಿಚಿತರು ಕೇಳಿದರೆ ಒಪ್ಪಬೇಡಿ. ನಿಮ್ಮ ಫೋನ್‌ಗೆ ಬರುವ ಒಟಿಪಿ ಅವರಿಗೂ ಕಾಣಬಹುದು.
* ಪೇಮೆಂಟ್ ಸ್ಕ್ರೀನ್‌ಶಾಟ್ ನಂಬಬೇಡಿ. ಖಾತೆಗೆ ಹಣ ಬಂದದ್ದು ನೋಡಿದ ಮೇಲೆಯೇ ಪಾರ್ಸೆಲ್ ಕಳಿಸಿ.
* ಪೊಲೀಸ್ ಸಮವಸ್ತ್ರದಲ್ಲಿ ವಿಡಿಯೊ ಕಾಲ್ ಮಾಡಿ 'ಡಿಜಿಟಲ್ ಅರೆಸ್ಟ್' ಅಂದರೆ ಹೆದರಬೇಡಿ. ಕಾನೂನಿನಲ್ಲಿ ಅಂಥದ್ದು ಇಲ್ಲವೇ ಇಲ್ಲ.
* ಮೋಸ ಹೋದರೆ ನಾಚಿಕೊಂಡು ಸುಮ್ಮನಿರಬೇಡಿ. ತಕ್ಷಣ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಕಾಲ್ ಮುಗಿದ ಮೇಲೆ ಬಣ್ಣ, ದರ, ಕೊರಿಯರ್ ಖರ್ಚು, ವಾಪಸ್ ತಗೊಳ್ಳುತ್ತೀರೋ ಇಲ್ಲವೋ ಎಲ್ಲವನ್ನೂ ಬರೆದು, ತೋರಿಸಿದ ಸರಕಿನ ಫೋಟೊ ಜೊತೆ ಗಿರಾಕಿಗೆ ಕಳಿಸಿ. ನಾಳೆ ಮಾತು ಬಂದರೆ ಆ ಮೆಸೇಜೇ ಇಬ್ಬರಿಗೂ ಸಾಕ್ಷಿ.