ಹಸಿರು ಇಂಧನ ಫಂಡ್: ಹೂಡಿಕೆಯ ಅಪಾಯಗಳು ಎಲ್ಲಿವೆ?

ಪುಣೆಯ ವಾಕಡ ಹಿಂಜವಡಿ ಐಟಿ ಪಾರ್ಕಿನ ಪಕ್ಕದ ಬಡಾವಣೆ. ಬೆಳಗಾವಿ, ಧಾರವಾಡ, ವಿಜಯಪುರ, ಕಲಬುರಗಿ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಕನ್ನಡದ ಕುಟುಂಬಗಳೂ ಇವೆ. ತಿಂಗಳ ಮೊದಲ ವಾರದಲ್ಲೇ ಎಸ್‌ಐಪಿ ಕಂತು ಕಡಿತವಾಗುವ ಇಂಥ ಮನೆಗಳಿಗೆ ಸೌರ, ಪವನ, ವಿದ್ಯುತ್ ವಾಹನಗಳ ಹೆಸರಿನ ಫಂಡ್‌ಗಳು ಸಹಜವಾಗಿಯೇ ಹಿಡಿಸುತ್ತವೆ. ಹಣವೂ ಬೆಳೆಯುತ್ತದೆ, ಭೂಮಿಗೂ ಒಳ್ಳೆಯದಾಗುತ್ತದೆ ಎಂಬುದು ಅವುಗಳ ಭರವಸೆ. ಆದರೆ ಒಂದು ಉದ್ಯಮ ಬೆಳೆಯುವುದೇ ಬೇರೆ, ಅದರಲ್ಲಿ ಹಣ ಹಾಕಿದವರಿಗೆ ಲಾಭ ಸಿಗುವುದೇ ಬೇರೆ. ಇದನ್ನು ತೋರಿಸುವ ಎರಡು ದೊಡ್ಡ ಪ್ರಕರಣಗಳು ಪುಣೆಯ ಆಸುಪಾಸಿನಲ್ಲೇ ನಡೆದಿವೆ: ಒಂದು ಹಡಪಸರದ ಸುಜ್ಲಾನ್, ಇನ್ನೊಂದು ಚಾಕಣದಲ್ಲಿ ಘಟಕ ಹೊಂದಿದ್ದ ಜೆನ್‌ಸೋಲ್.

ಏನಿದು ಹಸಿರು ಇಂಧನ ಫಂಡ್?

ಭಾರತದಲ್ಲಿ ಇಂಥ ಹೂಡಿಕೆಗೆ ಮುಖ್ಯವಾಗಿ ಎರಡು ದಾರಿಗಳಿವೆ. ಮೊದಲನೆಯದು ಇಂಧನ ವಲಯದ ಥೀಮ್ಯಾಟಿಕ್ ಮ್ಯೂಚುವಲ್ ಫಂಡ್. 2017ರಲ್ಲಿ ಷೇರುಪೇಟೆ ನಿಯಂತ್ರಕ ಸೆಬಿ ಮಾಡಿದ ವರ್ಗೀಕರಣದ ಪ್ರಕಾರ ಥೀಮ್ಯಾಟಿಕ್ ಫಂಡ್ ತನ್ನ ಹಣದ ಕನಿಷ್ಠ ಶೇ 80ರಷ್ಟನ್ನು ಆ ವಿಷಯಕ್ಕೆ ಸೇರಿದ ಷೇರುಗಳಲ್ಲೇ ಹಾಕಬೇಕು. ಎರಡನೆಯದು ವಿದೇಶದ ಹಸಿರು ಇಂಧನ ಫಂಡ್‌ಗಳಲ್ಲಿ ಹೂಡುವ ‘ಫಂಡ್ ಆಫ್ ಫಂಡ್’.

ಸೆಬಿಯ ರಿಸ್ಕೋಮೀಟರ್‌ನಲ್ಲಿ ಆರು ಹಂತಗಳಿವೆ. ಥೀಮ್ಯಾಟಿಕ್ ಷೇರು ಫಂಡ್‌ಗಳು ಸಾಮಾನ್ಯವಾಗಿ ಕೊನೆಯ ಹಂತದಲ್ಲಿ, ಅಂದರೆ ‘ಅತಿ ಹೆಚ್ಚು ಅಪಾಯ’ದ ಪಟ್ಟಿಯಲ್ಲಿ ಬರುತ್ತವೆ.

ಹೆಸರು ಒಂದು, ಒಳಗಿರುವುದು ಇನ್ನೊಂದು

ಇಂಧನ ಎಂದರೆ ಹಸಿರು ಇಂಧನವೇ ಆಗಬೇಕಿಲ್ಲ. ಈಚೆಗೆ ನಮ್ಮಲ್ಲಿ ‘ಎನರ್ಜಿ ಆಪರ್ಚುನಿಟೀಸ್’ ಎಂಬ ಹೆಸರಿನಲ್ಲಿ ಹಲವು ಫಂಡ್‌ಗಳು ಬಂದಿವೆ. ಎಸ್‌ಬಿಐನದು 2024ರ ಫೆಬ್ರುವರಿಯಲ್ಲಿ, ಐಸಿಐಸಿಐ ಪ್ರುಡೆನ್ಶಿಯಲ್‌ನದು ಅದೇ ವರ್ಷದ ಜುಲೈನಲ್ಲಿ ಬಂತು. ಈ ಬಗೆಯ ಫಂಡ್‌ಗಳು ತೈಲ, ಅನಿಲ, ಕಲ್ಲಿದ್ದಲು, ವಿದ್ಯುತ್ ಪ್ರಸರಣ ಎಲ್ಲದರಲ್ಲೂ ಹೂಡಬಹುದು. ರಿಲಯನ್ಸ್, ಒಎನ್‌ಜಿಸಿ, ಎನ್‌ಟಿಪಿಸಿಯಂಥ ಕಂಪನಿಗಳಿಗೆ ಇಲ್ಲಿ ದೊಡ್ಡ ಪಾಲು ಸಿಗುವುದು ಸಾಮಾನ್ಯ. ಇದರಲ್ಲಿ ಮೋಸವೇನೂ ಇಲ್ಲ, ಯೋಜನೆಯ ದಾಖಲೆಯಲ್ಲೇ ಹಾಗೆಂದು ಬರೆದಿರುತ್ತದೆ. ಆದರೆ ಸೌರಶಕ್ತಿಗೆಂದು ಹಣ ಹಾಕಿದವರು ಕಚ್ಚಾತೈಲದ ಬೆಲೆ ಏರಿಳಿದಾಗ ತಮ್ಮ ಫಂಡ್‌ನ ಯೂನಿಟ್ ಬೆಲೆಯೂ (ಎನ್‌ಎವಿ) ಕುಣಿಯುವುದನ್ನು ಕಂಡು ಬೆಚ್ಚುತ್ತಾರೆ.

ಇದಕ್ಕೆ ಮದ್ದು ಸುಲಭ. ಪ್ರತಿ ಫಂಡ್ ಸಂಸ್ಥೆಯೂ ತಿಂಗಳಿಗೊಮ್ಮೆ ‘ಫ್ಯಾಕ್ಟ್‌ಶೀಟ್’ ಪ್ರಕಟಿಸುತ್ತದೆ. ಅದರಲ್ಲಿ ಮೊದಲ ಹತ್ತು ಷೇರುಗಳು ಯಾವುವು, ಒಟ್ಟು ಹಣದಲ್ಲಿ ಅವುಗಳ ಪಾಲು ಎಷ್ಟು ಎಂಬುದನ್ನು ಓದಿದರೆ ಫಂಡ್ ನಿಜಕ್ಕೂ ಯಾವುದರ ಮೇಲೆ ನಿಂತಿದೆ ಎಂದು ತಿಳಿಯುತ್ತದೆ.

ಸುಜ್ಲಾನ್: ಬೆಲೆಯ ಅಪಾಯ, ಸಾಲದ ಅಪಾಯ

ಸೂರತ್‌ನಲ್ಲಿ ಬಟ್ಟೆ ಉದ್ಯಮ ನಡೆಸುತ್ತಿದ್ದ ತುಳಸಿ ತಂತಿ ಅವರು ಕರೆಂಟಿನ ಖರ್ಚು ತಾಳಲಾರದೆ ಗಾಳಿಯಂತ್ರ ಹಾಕಿಸಿದರು. ಕೊನೆಗೆ ಅದನ್ನೇ ಉದ್ಯಮವಾಗಿಸಿಕೊಂಡು 1995ರಲ್ಲಿ ಸುಜ್ಲಾನ್ ಕಟ್ಟಿದರು. 2005ರಲ್ಲಿ ಕಂಪನಿ 510 ರೂಪಾಯಿಗೆ ಷೇರು ಬಿಡುಗಡೆ ಮಾಡಿತು. 2007ರಲ್ಲಿ ಜರ್ಮನಿಯ ಆರ್‌ಇಪವರ್ ಕಂಪನಿಯನ್ನು ಸಾಲ ಮಾಡಿ ಕೊಂಡಿತು. 2008ರ ಜನವರಿಯಲ್ಲಿ ಸುಜ್ಲಾನ್‌ನ ಒಂದು ಷೇರನ್ನು ಐದಾಗಿ ವಿಭಜಿಸಲಾಯಿತು. ಆ ಹೊತ್ತಿಗೆ, ವಿಭಜನೆಯ ಲೆಕ್ಕದಲ್ಲಿ, ಷೇರಿನ ಬೆಲೆ 400 ರೂಪಾಯಿ ದಾಟಿತ್ತು.

ಮುಂದೆ ನಡೆದದ್ದೇ ಬೇರೆ. ಅಮೆರಿಕಕ್ಕೆ ಕಳಿಸಿದ ಯಂತ್ರಗಳ ರೆಕ್ಕೆಗಳು ಬಿರುಕುಬಿಟ್ಟವು. ಜಾಗತಿಕ ಆರ್ಥಿಕ ಹಿಂಜರಿತದಿಂದ ಹೊಸ ಬೇಡಿಕೆ ಕುಸಿಯಿತು. 2012ರ ಅಕ್ಟೋಬರ್‌ನಲ್ಲಿ ಸುಮಾರು 20 ಕೋಟಿ ಡಾಲರ್‌ ಮೊತ್ತದ ವಿದೇಶಿ ಬಾಂಡ್‌ಗಳ ಹಣ ತೀರಿಸಲಾಗದೆ ಕಂಪನಿ ಸುಸ್ತಿದಾರನಾಯಿತು. ಸೆನ್ವಿಯನ್ ಎಂದು ಹೆಸರು ಬದಲಿಸಿಕೊಂಡಿದ್ದ ಜರ್ಮನ್ ಕಂಪನಿಯನ್ನು 2015ರಲ್ಲಿ ಮಾರಿತು. 2020ರಲ್ಲಿ ಷೇರು 2 ರೂಪಾಯಿಯ ಹತ್ತಿರಕ್ಕೆ ಬಂದು ನಿಂತಿತು.

ಗಮನಿಸಬೇಕಾದ ಸಂಗತಿ ಏನೆಂದರೆ ಈ ಹನ್ನೆರಡು ವರ್ಷ ಭಾರತದ ಪವನ ವಿದ್ಯುತ್ ಹಿಂದೆ ಸರಿಯಲಿಲ್ಲ, ಹಲವು ಪಟ್ಟು ಬೆಳೆಯಿತು. ಸಾಲ ಮರುಹೊಂದಾಣಿಕೆಯ ನಂತರ ಸುಜ್ಲಾನ್ ಕೂಡ ಚೇತರಿಸಿಕೊಂಡು 2024ರ ಸೆಪ್ಟೆಂಬರ್‌ನಲ್ಲಿ 80 ರೂಪಾಯಿ ದಾಟಿತು. 2020ರಲ್ಲಿ ಕೊಂಡವರಿಗೆ ಅದು ಭಾರಿ ಲಾಭ. 2008ರಲ್ಲಿ ಕೊಂಡು ಕಾದು ಕೂತವರಿಗೆ ಹದಿನಾರು ವರ್ಷದ ನಂತರವೂ ಅಸಲಿನ ಕಾಲು ಭಾಗ ಕೈಗೆ ಬರಲಿಲ್ಲ. ಕಂಪನಿ ಅದೇ, ಗಾಳಿಯೂ ಅದೇ. ಯಾವ ಬೆಲೆಗೆ ಕೊಂಡರು ಎಂಬುದೊಂದೇ ವ್ಯತ್ಯಾಸ.

ಚಾಕಣದ ಘಟಕ: ಆಡಳಿತದ ಅಪಾಯ

ಸೌರ ವಿದ್ಯುತ್ ಕಾಮಗಾರಿ ನಡೆಸುತ್ತಿದ್ದ ಜೆನ್‌ಸೋಲ್ ಎಂಜಿನಿಯರಿಂಗ್ ವಿದ್ಯುತ್ ಕಾರುಗಳನ್ನು ಕೊಂಡು ಬ್ಲೂಸ್ಮಾರ್ಟ್ ಟ್ಯಾಕ್ಸಿ ಸೇವೆಗೆ ಬಾಡಿಗೆಗೆ ಕೊಡುತ್ತಿತ್ತು. 2025ರ ಜನವರಿ ಕೊನೆಯಲ್ಲಿ ತನ್ನ ಹೊಸ ವಿದ್ಯುತ್ ಕಾರಿಗೆ 30,000 ಮುಂಗಡ ಬೇಡಿಕೆ ಬಂದಿದೆ ಎಂದು ಷೇರುಪೇಟೆಗೆ ತಿಳಿಸಿತು. ಏಪ್ರಿಲ್ 9ರಂದು ರಾಷ್ಟ್ರೀಯ ಷೇರುಪೇಟೆಯ ಅಧಿಕಾರಿ ಚಾಕಣದ ಘಟಕಕ್ಕೇ ಹೋಗಿ ನೋಡಿದರು. ಬಾಡಿಗೆ ಜಾಗದಲ್ಲಿ ಎರಡು ಮೂರು ಕೂಲಿಕಾರರಿದ್ದರು, ಕಾರು ತಯಾರಿಕೆಯ ಸುಳಿವಿರಲಿಲ್ಲ. ಕರೆಂಟು ಬಿಲ್ಲು ತರಿಸಿ ನೋಡಿದರೆ ಅತಿ ಹೆಚ್ಚಿನ ಬಿಲ್ಲು 2024ರ ಡಿಸೆಂಬರ್‌ನದು, ಸುಮಾರು 1.57 ಲಕ್ಷ ರೂಪಾಯಿ. ಬೇಡಿಕೆಯ ಕಾಗದಗಳಲ್ಲಿ ಬೆಲೆಯಾಗಲಿ, ಕಾರು ಕೊಡುವ ದಿನವಾಗಲಿ ನಮೂದಾಗಿರಲಿಲ್ಲ.

ಏಪ್ರಿಲ್ 15ರಂದು ಸೆಬಿ ಮಧ್ಯಂತರ ಆದೇಶ ಹೊರಡಿಸಿತು. ಆದೇಶದ ಪ್ರಕಾರ, ಸರ್ಕಾರಿ ಸಾಲ ಸಂಸ್ಥೆಗಳಾದ ಐಆರ್‌ಇಡಿಎ ಮತ್ತು ಪಿಎಫ್‌ಸಿಯಿಂದ ಪಡೆದ ಸಾಲದಲ್ಲಿ 663.89 ಕೋಟಿ ರೂಪಾಯಿ 6,400 ವಿದ್ಯುತ್ ಕಾರು ಕೊಳ್ಳಲು ಇತ್ತು. ಕಂಪನಿ ಕೊಂಡದ್ದು 4,704 ಕಾರು. ಕಂಪನಿ ತಾನೇ ಹಾಕಬೇಕಿದ್ದ ಪಾಲನ್ನೂ ಸೇರಿಸಿದರೆ 262.13 ಕೋಟಿ ರೂಪಾಯಿಗೆ ಲೆಕ್ಕ ಸಿಗಲಿಲ್ಲ. ಸಾಲದ ಹಣದ ಒಂದು ಭಾಗ ಗುರುಗ್ರಾಮದ ಐಷಾರಾಮಿ ಫ್ಲ್ಯಾಟ್‌ಗೆ ಹರಿದಿದೆ ಎಂದೂ ಆದೇಶ ಹೇಳಿತು. 2024ರಲ್ಲಿ ಸಾವಿರ ರೂಪಾಯಿ ದಾಟಿದ್ದ ಷೇರು ಆ ಹೊತ್ತಿಗೆ 150 ರೂಪಾಯಿಗಿಂತ ಕೆಳಗಿಳಿದಿತ್ತು. ಸಾರ್ವಜನಿಕ ಷೇರುದಾರರ ಸಂಖ್ಯೆ ಮಾತ್ರ ಕೆಲವೇ ವರ್ಷಗಳಲ್ಲಿ 155ರಿಂದ ಲಕ್ಷ ದಾಟಿತ್ತು. ಜೂನ್‌ನಲ್ಲಿ ಕಂಪನಿ ದಿವಾಳಿ ಪ್ರಕ್ರಿಯೆಗೆ ಒಳಪಟ್ಟಿತು.

ಹಸಿರು ಉದ್ದೇಶ ಇದೆ ಎಂದ ಮಾತ್ರಕ್ಕೆ ಲೆಕ್ಕಪತ್ರ ಸರಿಯಾಗಿರುತ್ತದೆ ಎನ್ನಲಾಗದು. ಹಲವು ಕಂಪನಿಗಳಲ್ಲಿ ಹಣ ಹರಡುವ ಫಂಡ್ ಇಂಥ ಒಂದು ಹೊಡೆತವನ್ನು ತಾಳಿಕೊಳ್ಳಬಲ್ಲದು. ಹಣವೆಲ್ಲ ಇಪ್ಪತ್ತು ಇಪ್ಪತ್ತೈದು ಷೇರುಗಳಲ್ಲೇ ಇದ್ದರೆ ತಾಳುವ ಶಕ್ತಿಯೂ ಕಡಿಮೆ.

ಸರ್ಕಾರದ ನೀತಿ ಮತ್ತು ಬಡ್ಡಿ ದರ

ತುಮಕೂರು ಜಿಲ್ಲೆಯ ಪಾವಗಡ ಸೌರ ಪಾರ್ಕ್ ಸುಮಾರು 13,000 ಎಕರೆಯಲ್ಲಿ ಹರಡಿದೆ. ಸಾಮರ್ಥ್ಯ 2,050 ಮೆಗಾವಾಟ್. ಸೌರ ಯೋಜನೆಗಳಲ್ಲಿ ಸಾಮಾನ್ಯವಾಗಿ 25 ವರ್ಷಕ್ಕೆ ದರ ನಿಗದಿಯಾಗುತ್ತದೆ. ಬಿಸಿಲಿಗೆ ಕಾಸು ಕೊಡಬೇಕಿಲ್ಲ, ಆದರೆ ಬಂಡವಾಳವೆಲ್ಲ ಮೊದಲೇ ಸುರಿಯಬೇಕು, ಅದರಲ್ಲಿ ಹೆಚ್ಚಿನದು ಸಾಲ. ಹೀಗಾಗಿ ಕಂಪನಿಯ ಲಾಭ ಎರಡು ಸಂಗತಿಗಳ ಮೇಲೆ ನಿಂತಿದೆ: ಕೊಳ್ಳುವವರು ಒಪ್ಪಿದ ದರವನ್ನು ಹೊತ್ತಿಗೆ ಸರಿಯಾಗಿ ಕೊಡಬೇಕು, ಸಾಲದ ಬಡ್ಡಿ ಏರಬಾರದು.

ಎರಡೂ ಕೈಕೊಟ್ಟದ್ದುಂಟು. ಪಾವಗಡದ ಗಡಿಯಾಚೆ ಆಂಧ್ರಪ್ರದೇಶದಲ್ಲಿ 2019ರ ಜುಲೈನಲ್ಲಿ ಹೊಸ ಸರ್ಕಾರ ಹಳೆಯ ವಿದ್ಯುತ್ ಖರೀದಿ ದರಗಳನ್ನು ಇಳಿಸಲು ಸಮಿತಿ ರಚಿಸಿತು. ಕಂಪನಿಗಳು ಕೋರ್ಟಿಗೆ ಹೋದವು. ಒಪ್ಪಂದದ ದರವನ್ನೇ ಕೊಡಬೇಕೆಂದು ಹೈಕೋರ್ಟ್ 2022ರ ಮಾರ್ಚ್‌ನಲ್ಲಿ ಹೇಳುವ ಹೊತ್ತಿಗೆ ಎರಡೂವರೆ ವರ್ಷ ಉರುಳಿತ್ತು. ಇನ್ನು ಬಡ್ಡಿ: 2022ರ ಮೇ ಆರಂಭದಲ್ಲಿ ಶೇ 4 ಇದ್ದ ರಿಸರ್ವ್ ಬ್ಯಾಂಕಿನ ರೆಪೊ ದರ 2023ರ ಫೆಬ್ರುವರಿ ಹೊತ್ತಿಗೆ ಶೇ 6.5 ಮುಟ್ಟಿತು. ಅದೇ 2022ರ ಏಪ್ರಿಲ್‌ನಿಂದ ಆಮದು ಸೌರ ಫಲಕಗಳ ಮೇಲೆ ಶೇ 40ರ ಸುಂಕವೂ ಬಂತು. ಕಂಪನಿಗಳ ನಡುವೆ ಪೈಪೋಟಿ ಎಷ್ಟಿತ್ತೆಂದರೆ 2020ರ ಡಿಸೆಂಬರ್‌ನ ಗುಜರಾತ್ ಹರಾಜಿನಲ್ಲಿ ಯೂನಿಟ್ಟಿಗೆ 1.99 ರೂಪಾಯಿಗೆ ಬಿಡ್ ಬಂದಿತ್ತು. ಅಷ್ಟು ಕಡಿಮೆ ದರಕ್ಕೆ ಒಪ್ಪಿಕೊಂಡವರಿಗೆ ಸಣ್ಣ ಏರುಪೇರೂ ಲಾಭವನ್ನು ನುಂಗುತ್ತದೆ.

ಜಗತ್ತಿನ ಪಾಠ

ಎಸ್ ಆ್ಯಂಡ್ ಪಿ ಗ್ಲೋಬಲ್ ಕ್ಲೀನ್ ಎನರ್ಜಿ ಸೂಚ್ಯಂಕವನ್ನು ಅನುಸರಿಸುತ್ತಿದ್ದ ಐಶೇರ್ಸ್ ಇಟಿಎಫ್ 2020ರಲ್ಲಿ ಸುಮಾರು ಶೇ 140 ಗಳಿಕೆ ಕೊಟ್ಟಿತು. ಅದನ್ನು ಕಂಡು ಹಣ ನುಗ್ಗಿತು. ನಂತರ 2021, 2022, 2023, 2024 – ನಾಲ್ಕೂ ವರ್ಷ ನಷ್ಟ. ವಿಚಿತ್ರವೆಂದರೆ ಜಗತ್ತಿನಲ್ಲಿ ಹೊಸದಾಗಿ ಸೇರಿದ ನವೀಕರಿಸಬಹುದಾದ ವಿದ್ಯುತ್ ಸಾಮರ್ಥ್ಯ 2020ರಲ್ಲಿ ಸುಮಾರು 260 ಗಿಗಾವಾಟ್ ಇದ್ದದ್ದು 2024ರಲ್ಲಿ 585 ಗಿಗಾವಾಟ್‌ಗೆ ಏರಿತು. 2025ರಲ್ಲಿ ಆ ಇಟಿಎಫ್ ಚೇತರಿಸಿಕೊಂಡಿತಾದರೂ 2021ರ ಜನವರಿಯ ಎತ್ತರ ಮುಟ್ಟಲಿಲ್ಲ. ಮುಂದಿನ ಬೆಳವಣಿಗೆಯನ್ನೆಲ್ಲ ಷೇರಿನ ಬೆಲೆ 2020ರಲ್ಲೇ ಲೆಕ್ಕ ಹಾಕಿಬಿಟ್ಟಿತ್ತು.

ವಿದೇಶಿ ಫಂಡ್ ಆಫ್ ಫಂಡ್‌ಗಳಿಗೆ ಇನ್ನೂ ಎರಡು ತೊಡಕುಗಳಿವೆ. ಡಾಲರ್ ದರದ ಏರಿಳಿತ ಒಂದು. ಭಾರತದ ಫಂಡ್‌ಗಳೆಲ್ಲ ಸೇರಿ ವಿದೇಶದಲ್ಲಿ ಹೂಡಲು ಇರುವ ಮಿತಿ ಇನ್ನೊಂದು. 700 ಕೋಟಿ ಡಾಲರ್‌ಗಳ ಆ ಮಿತಿ ಹತ್ತಿರವಾದಾಗ, 2022ರ ಆರಂಭದಲ್ಲಿ, ಅನೇಕ ಫಂಡ್‌ಗಳು ಹೊಸ ಹಣ ತೆಗೆದುಕೊಳ್ಳುವುದನ್ನೇ ನಿಲ್ಲಿಸಿದ್ದವು.

ಹೂಡುವ ಮುನ್ನ

ಥೀಮ್ಯಾಟಿಕ್ ಫಂಡ್ ಮನೆಯ ಮುಖ್ಯ ಉಳಿತಾಯ ಆಗಬಾರದು. ಷೇರು ಹೂಡಿಕೆಯ ಶೇ 5ರಿಂದ 10ರೊಳಗೆ ಇಡುವಂತೆ ಸಲಹೆಗಾರರು ಹೇಳುವುದುಂಟು. ಮಕ್ಕಳ ಕಾಲೇಜು ಶುಲ್ಕ, ಫ್ಲ್ಯಾಟಿನ ಮುಂಗಡದಂಥ ದಿನ ಗೊತ್ತಿರುವ ಖರ್ಚಿನ ಹಣವನ್ನು ಇದರಲ್ಲಿ ತೊಡಗಿಸಬೇಡಿ. ಹಿಂದಿನ ವರ್ಷದ ಗಳಿಕೆ ನೋಡಿ ಒಮ್ಮೆಲೇ ಸುರಿಯುವುದಕ್ಕಿಂತ ಎಸ್‌ಐಪಿ ಲೇಸು. ಅರ್ಧಕ್ಕೆ ಇಳಿದ ಹಣ ಮೊದಲಿನ ಮಟ್ಟಕ್ಕೆ ಬರಲು ನೂರಕ್ಕೆ ನೂರು ಏರಬೇಕು ಎಂಬ ಲೆಕ್ಕ ನೆನಪಿರಲಿ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಸೋಲಾರ್ ಯೋಜನೆಯಲ್ಲಿ ದಿನಕ್ಕಿಷ್ಟು ಲಾಭ’ ಎಂದು ಬರುವ ಆ್ಯಪ್‌ಗಳು ಫಂಡ್‌ಗಳೇ ಅಲ್ಲ. ಸಂಸ್ಥೆ ಸೆಬಿಯಲ್ಲಿ ನೋಂದಾಯಿತವೇ ಎಂದು ನೋಡಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಪೇಟೆಯಲ್ಲಿ ಷೇರು ಕೊಂಡರೆ ಹಣ ಹೋಗುವುದು ಮಾರಿದವನ ಕೈಗೆ, ಅದರಿಂದ ಹೊಸ ಸೌರ ಫಲಕ ನೇರವಾಗಿ ಏಳುವುದಿಲ್ಲ. ಪರಿಸರದ ಕಾಳಜಿಯೇ ಮುಖ್ಯವಾದರೆ ಕಟ್ಟಡದ ಚಾವಣಿ ಇನ್ನೂ ನೇರವಾದ ದಾರಿ. 2024ರಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಹೌಸಿಂಗ್ ಸೊಸೈಟಿಗಳ ಸಾಮಾನ್ಯ ಬಳಕೆಯ ವಿದ್ಯುತ್ತಿಗೆ ಕಿಲೋವಾಟಿಗೆ 18,000 ರೂಪಾಯಿ ಸಹಾಯಧನವಿದೆ. ವಾಕಡದ ಸೊಸೈಟಿಯೊಂದು ಲಿಫ್ಟು, ನೀರಿನ ಪಂಪಿನ ಬಿಲ್ಲನ್ನು ಹೀಗೆ ಇಳಿಸಿಕೊಂಡರೆ ಆ ಉಳಿತಾಯ ಷೇರುಪೇಟೆಯ ಏರಿಳಿತಕ್ಕೆ ಸಿಗದು. ಫಂಡ್‌ನಲ್ಲಿ ಹೂಡುವುದಾದರೆ ಹೂಡಿಕೆಯ ಲೆಕ್ಕದಲ್ಲೇ ಹೂಡಿ: ಒಳಗೆ ಯಾವ ಷೇರುಗಳಿವೆ, ಅವಕ್ಕೆ ಎಷ್ಟು ಬೆಲೆ ಕೊಡುತ್ತಿದ್ದೀರಿ, ಎಷ್ಟು ವರ್ಷ ಕಾಯಬಲ್ಲಿರಿ ಎಂಬುದಕ್ಕೆ ಉತ್ತರ ಕಂಡುಕೊಂಡ ಮೇಲೆ.